ಒಗ್ವೆನೊ ಫೋನಿನ ಮಾಲೀಕರು

"ಅಜ್ಜಿ, ಈ ಫೋನಿನ ಮಾಲೀಕರು ಬದುಕಿದ್ದಾರಾ?" ಎಂದು ಕೇಳಿದ್ದಕ್ಕೆ ಅಡೋಯೊ ಅಜ್ಜಿ ನನ್ನನ್ನು ದುರುಗುಟ್ಟಿ ನೋಡಿದಳು.

"ಮತ್ತೆ? ಸತ್ತಿದ್ದನ್ನ ನೀನು ನೋಡಿದ್ಯಾ?"

ಯಾರೂ ನೋಡಿರಲಿಲ್ಲ. ಆಕೆಯ ಗಂಡ ಒಗ್ವೆನೊ ಎಷ್ಟೋ ವರ್ಷಗಳ ಹಿಂದೆ ವಿಕ್ಟೋರಿಯಾ ಸರೋವರಕ್ಕೆ ಬಲೆ ಬಿಡಲು ಹೋದವರು. ದೋಣಿ ತೇಲಿಕೊಂಡು ಬಂತು, ಅವರು ಬರಲಿಲ್ಲ. ಹೆಣ ಸಿಗದಿದ್ದರೆ ನಾವು ಲುವೋ ಜನ ಯಾಗೋ ಮರದ ಉದ್ದನೆಯ ಕಾಯಿಯೊಂದನ್ನು ಸತ್ತವರ ಬದಲಿಗೆ ಹೂಳುತ್ತೇವೆ. ಅಜ್ಜಿ ಒಪ್ಪಲಿಲ್ಲ. "ನನ್ನ ಗಂಡ ಏನು ತರಕಾರಿನಾ?" ಎಂದು ಹಿರಿಯರನ್ನೆಲ್ಲ ಅಟ್ಟಿಬಿಟ್ಟಳು. ಅಂದು ಅವರು ಮನೆಯಲ್ಲೇ ಮರೆತುಹೋದ ಫೋನಿಗೆ ಈಗಲೂ ದಿನಾ ಚಾರ್ಜು ಹಾಕುತ್ತಾಳೆ. ಆ ಮನೆಯಲ್ಲಿರುವ ಫೋನು ಅದೊಂದೇ.

ನನ್ನ ಸಂಶೋಧನೆಯೂ ಫೋನುಗಳದ್ದೇ. ನಮ್ಮ ದ್ವೀಪ ದಾಟಿದರೆ ನೀರಿನ ಮೇಲೆ ಟವರು ಸಿಗುವುದಿಲ್ಲ. ನಾನು ಕಟ್ಟಿದ ಫೋನುಗಳ ಬಳಗದಲ್ಲಿ, ದೋಣಿಗೆ ದೋಣಿ ಎದುರಾದಾಗ ಒಂದರ ಫೋನು ಇನ್ನೊಂದಕ್ಕೆ ಸಂದೇಶ ದಾಟಿಸಬೇಕು, ಹಾಗೆ ಕೈಯಿಂದ ಕೈಗೆ ಬಂದು ಮನೆ ಸೇರಬೇಕು. ಯಾರಿಗೆ ಕಳಿಸಿದ್ದೋ ಆ ಫೋನು ಬಿಟ್ಟರೆ ಬೇರೆ ಯಾರಿಂದಲೂ, ನನ್ನಿಂದ ಕೂಡ, ಅದನ್ನು ತೆರೆಯಲಾಗದು. ಅದೇ ನನ್ನ ಹೆಮ್ಮೆ. ಸತ್ತವರ ಫೋನು ಹಿಡಿದುಕೊಂಡೇ ಕಳ್ಳರು ಒಳಗೆ ನುಗ್ಗುವುದು. ಹಾಗಾಗಿ ಮಾಲೀಕರಿಲ್ಲದ ಫೋನನ್ನು ಬಳಗದಿಂದ ಹೊರಹಾಕಬೇಕೆಂದು ನಾನೇ ನಿಯಮ ಮಾಡಿದ್ದೆ.

"ನಿಮ್ಮ ಹೆಸರಿಗೆ ಬರ್ಕೊಳ್ತೀನಿ ಅಜ್ಜಿ, ಮುಗೀತು."

"ಅವ್ರ ಫೋನು ಅವ್ರದ್ದೇ. ನಾಳೆ ಬಂದು ಕೇಳಿದ್ರೆ ಏನ್ ಹೇಳ್ಲಿ, ಅಪೋಂಡಿ ಕಿತ್ಕೊಂಡ್ಲು ಅಂತ್ಲಾ?"

ನನಗೂ ರೇಗಿತು. ಆ ಫೋನನ್ನು ಬಳಗದಿಂದ ಹೊರಹಾಕಿಬಿಟ್ಟೆ.

ಅದೇ ವಾರ ಅಜ್ಜಿಯ ಸೊಸೆ ಅಕೆಲೊ ಗಂಡುಮಗು ಹೆತ್ತಳು. ಮಗುವಿನ ಅಪ್ಪ ಒಡೇರಾ ದೂರದ ನೀರಿಗೆ ಮೀನಿಗೆ ಹೋಗಿದ್ದ. ಮಗು ಅಳಲು ಶುರುಮಾಡಿದ್ದು ನಿಲ್ಲಿಸಲೇ ಇಲ್ಲ, ಮೊಲೆ ಬಾಯಿಗಿಟ್ಟರೆ ಮುಖ ತಿರುಗಿಸುತ್ತಿತ್ತು. ನರ್ಸ್ ಬಂದು ನೋಡಿ, ಕಾಯಿಲೆ ಏನೂ ಇಲ್ಲ, ಆದರೆ ಹೀಗೇ ಹಾಲು ಬಿಟ್ಟರೆ ಉಳಿಯುವುದು ಕಷ್ಟ ಎಂದಳು. ತೀರಿಕೊಂಡ ಯಾರೋ ಹಿರಿಯರು ಮಗುವಾಗಿ ಮರಳಿ ಬಂದು ತಮ್ಮ ಹೆಸರು ಕೇಳುತ್ತಿದ್ದಾರೆಂದು ನಮಗೆಲ್ಲ ಗೊತ್ತಾಯಿತು. ಮುತ್ತಜ್ಜ, ದೊಡ್ಡಪ್ಪ, ಸೋದರಮಾವ ಎಂದು ಒಬ್ಬೊಬ್ಬರ ಹೆಸರು ಹಿಡಿದು ಮಗುವನ್ನು ಕರೆದರು. ಅಳು ಜೋರಾಯಿತೇ ಹೊರತು ನಿಲ್ಲಲಿಲ್ಲ. ಒಂದು ಹೆಸರನ್ನು ಮಾತ್ರ ಯಾರೂ ಎತ್ತಲಿಲ್ಲ. ಅದನ್ನು ಸತ್ತವರ ಸಾಲಿಗೆ ಸೇರಿಸಿ ಅಜ್ಜಿಯ ಎದುರು ಕೂಗುವ ಗುಂಡಿಗೆ ಯಾರಿಗಿತ್ತು?

ನಾನು ಅಜ್ಜಿಯ ಮನೆಯ ಅಂಗಳದಲ್ಲಿ ಕಂಪ್ಯೂಟರ್ ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಮಧ್ಯಾಹ್ನದ ಬೆಳಕಿನಲ್ಲಿ ನೀರು ಯಾವುದು, ಆಕಾಶ ಯಾವುದು ತಿಳಿಯುತ್ತಿರಲಿಲ್ಲ. ದಡಕ್ಕೆ ಬರುತ್ತಿದ್ದ ದೋಣಿಗಳು ಗಾಳಿಯಲ್ಲೇ ತೇಲಿ ಬಂದಂತಿತ್ತು. ಅಳು ಕೇಳಿ ಕೇಳಿ ನನಗೆ ನಿದ್ದೆಯೋ ಎಚ್ಚರವೋ ಎಂಬ ಮಂಪರು. ಆ ಮಂಪರಿನಲ್ಲೇ ಪರದೆಯ ಮೇಲೊಂದು ಸಂದೇಶ ಕಂಡಿತು. ಒಳಗೇನಿದೆಯೋ ಕಾಣದು; ಒಡೇರಾ ಕಳಿಸಿದ್ದು, ಒಗ್ವೆನೊ ಫೋನಿಗೆ ಎಂದಷ್ಟೇ ಇತ್ತು. ದೋಣಿಯಿಂದ ದೋಣಿಗೆ ದಾಟಿ ಬಂದು, ಆ ಫೋನು ಬಳಗದ್ದಲ್ಲವೆಂದು ಮತ್ತೆ ಮತ್ತೆ ದಡಕ್ಕೇ ವಾಪಸ್ಸಾಗುತ್ತಿತ್ತು.

ಸುಡುಗಾಡು ನಿಯಮ! ಅಜ್ಜಿ ಹೇಳಿದ್ದಂತೆ ಒಗ್ವೆನೊ ಹೆಸರಲ್ಲೇ ಫೋನನ್ನು ಮತ್ತೆ ಬಳಗದೊಳಗೆ ಬಿಟ್ಟೆ.

ಒಳಮನೆಯಲ್ಲಿ ಅದು ಸದ್ದು ಮಾಡಿತು. ನೀರಿನ ಸಪ್ಪಳದ ಜೊತೆ ಒಡೇರಾನ ದನಿ.

"ಅಮ್ಮಾ, ಕೂತಲ್ಲೇ ಕಣ್ಣು ಹತ್ತಿತ್ತು. ಅಪ್ಪ ದೋಣಿ ಹತ್ತಿ ಪಕ್ಕದಲ್ಲೇ ಕೂತ. ಬಟ್ಟೆ ಎಲ್ಲಾ ಒಣಗಿತ್ತಮ್ಮಾ, ಒಂದ್ ಹನಿ ನೀರಿಲ್ಲ. 'ನಾನು ಮನೇಗ್ ಬಂದಿದೀನಿ, ಯಾರೂ ಕರೀತಿಲ್ಲ, ನಿಮ್ಮಮ್ಮಂಗೆ ಹೇಳು' ಅಂದ."

ಅಜ್ಜಿ ಬಾಗಿಲಿಗೆ ಬಂದು ನಿಂತಳು. "ಒಣಗಿತ್ತಂತಾ?" ಎಂದು ನನ್ನನ್ನೇ ಕೇಳಿದಳು.

"ಹೌದಂತೆ ಅಜ್ಜಿ."

ಆಕೆ ಮಗುವನ್ನು ಎತ್ತಿಕೊಂಡು ಅದರ ಕಿವಿಗೆ ಬಾಯಿಟ್ಟಳು.

"ಒಗ್ವೆನೊ," ಎಂದಳು.

ಅಳು ನಿಂತಿತು. ಮಗು ಬಾಯಿ ಚಪ್ಪರಿಸಿತು. ಅಕೆಲೊ ಎದೆಗೆ ಹಚ್ಚಿಕೊಂಡಳು, ಅದು ಗುಟುಕು ಗುಟುಕಾಗಿ ಕುಡಿಯುವ ಸದ್ದು ಅಂಗಳಕ್ಕೂ ಕೇಳಿಸಿತು. ಇಷ್ಟು ವರ್ಷ ಒಂದು ಹನಿ ಕಣ್ಣೀರು ಹಾಕದ ಅಜ್ಜಿ ನೆಲಕ್ಕೆ ಕುಸಿದು ಗೋಳೋ ಎಂದು ಅತ್ತಳು. ಅತ್ತು ಮುಗಿಸಿ ಉಟ್ಟ ಬಟ್ಟೆಯ ತುದಿಯಲ್ಲಿ ಮೂಗು ಒರೆಸಿಕೊಂಡಳು.

"ಯಾರಾದ್ರೂ ಹೋಗಿ ಒಂದ್ ಯಾಗೋ ಕಾಯಿ ಕಿತ್ಕೊಂಡ್ ಬನ್ರೋ. ಚೆನ್ನಾಗಿರೋದು ನೋಡಿ."

ಆ ಫೋನನ್ನು ಬಳಗದಲ್ಲಿ ಉಳಿಸಿಕೊಳ್ಳಲು ನನ್ನ ಪರದೆ ತನ್ನ ಹಳೆಯ ಪ್ರಶ್ನೆಯನ್ನೇ ಹಿಡಿದು ಕಾಯುತ್ತಿತ್ತು.

"ಅಜ್ಜಿ," ಎಂದೆ ಮೆಲ್ಲಗೆ, "ಆ ಫೋನಿನ ಮಾಲೀಕರು... ಬದುಕಿದ್ದಾರಾ?"

"ನಿಂಗೇನು ಕಣ್ಣು ಕಾಣ್ಸಲ್ವೇನೇ? ಹಾಲು ಕುಡೀತಾ ಇದಾರೆ, ಸುಮ್ನಿರು."

ನಾನು 'ಹೌದು' ಎಂದು ಒತ್ತಿದೆ.