ಶರಣುವಿಗೆ ಬೀಳಲು ಬರುವುದಿಲ್ಲ

ಪದ್ಮಶ್ರೀ ಮೇಡಂ ಏಳನೇ ಸಲ ಕಟ್ ಅಂದರು.

"ಶರಣು, ಗೋಪಿ ನಿಮ್ಮನ್ನ ಇನ್ನೂ ಮುಟ್ಟೇ ಇಲ್ಲ. ಆಗ್ಲೇ ಬಿದ್ಬಿಟ್ರೆ ಹೆಂಗ್ರೀ?"

ನೂರಾಹತ್ತು ಕೆಜಿಯ ಶರಣು ಕೆಮ್ಮಣ್ಣಿನ ಅಖಾಡದಿಂದ ಎದ್ದು ತಲೆ ತಗ್ಗಿಸಿದ. ಮುಧೋಳದ ಕಡೆಯ ನಿಜವಾದ ಪೈಲ್ವಾನ. ಈಗ ನಾಗಸಂದ್ರದ ಫ್ಯಾಕ್ಟರಿಯೊಂದರಲ್ಲಿ ಕೆಲಸ. ಎರಡು ದಿನ ರಜೆ ಹಾಕಿ, ಸಿನಿಮಾದಲ್ಲಿ ನನ್ನ ಕೈಯಲ್ಲಿ ಸೋಲಲು ಬಂದಿದ್ದ. ಗೋಪಿ ಅಂದರೆ ನಾನೇ, ಐವತ್ತೆರಡು ಕೆಜಿಯ ಹೀರೋ. ಕಥೆಯ ತಮಾಷೆಯೆಲ್ಲ ಅಷ್ಟರಲ್ಲೇ ಇತ್ತು.

"ತಪ್ಪಾತ್ರಿ ಮೇಡಂ. ಇವ್ರ ಕೈ ಹಿಡಿದ್ರ ಎಲ್ಲಿ ಮುರೀತೈತೋ ಅಂತ ಅಂಜಿಕಿ ಆಗ್ತೈತ್ರಿ. ಅದಕ್ಕ ಲಗೂನ ಬೀಳ್ತೀನಿ."

ಸೋಲದೇವನಹಳ್ಳಿಯ ಆ ಶೆಡ್ಡನ್ನು ಐದು ಗಂಟೆಗೆ ಬಿಟ್ಟುಕೊಡಬೇಕಿತ್ತು. ಮೇಡಂ ಗಡಿಯಾರ ನೋಡಿದರು. "ಇನ್ನೊಂದೇ ಟೇಕ್. ಆಗ್ಲಿಲ್ಲ ಅಂದ್ರೆ ಶರಣು ಸೆಗಣಿ ಮೇಲೆ ಕಾಲಿಟ್ಟು ಜಾರ್ತಾರೆ, ಗೋಪಿ ಗೆಲ್ತಾನೆ. ಜನ ನಗ್ತಾರೆ, ಮುಗೀತು."

ಒಂಬತ್ತು ವರ್ಷ ಸಣ್ಣಪುಟ್ಟ ಪಾತ್ರಗಳಲ್ಲಿ ನಾನು ಮಾಡಿದ್ದು ಅದನ್ನೇ. ಬಾಳೆಹಣ್ಣಿನ ಸಿಪ್ಪೆ, ಸೋಪಿನ ನೀರು, ಚೆಲ್ಲಿದ ಎಣ್ಣೆ, ಎಲ್ಲದರ ಮೇಲೂ ಜಾರಿದ್ದೇನೆ. ಮೊದಲ ಸಲ ಹೀರೋ ಆದಾಗಲೂ ಗೆಲುವು ಒಂದು ಹಿಡಿ ಸೆಗಣಿಯಿಂದ ಬರುವುದು ನನಗೆ ಬೇಡವಾಗಿತ್ತು. ಆರು ವಾರ ಯಲಹಂಕದ ಗರಡಿಯಲ್ಲಿ ಮಣ್ಣು ತಿಂದು ಒಂದೇ ಒಂದು ಪಟ್ಟು ಕಲಿತಿದ್ದೆ: ಎದುರಾಳಿಯ ತೋಳನ್ನು ಹೆಗಲ ಮೇಲೆಳೆದುಕೊಂಡು, ಅಗಸರು ಬಟ್ಟೆ ಒಗೆದ ಹಾಗೆ ಮುಂದಕ್ಕೆ ಒಗೆಯುವುದು.

ಶರಣುವನ್ನು ಪಕ್ಕಕ್ಕೆ ಕರೆದೆ. "ಗುರು, ಈ ಸಲ ನನಗೋಸ್ಕರ ಬೀಳ್ಬೇಡಿ. ನಿಜವಾಗ್ಲೂ ಆಡಿ."

"ನಿಜವಾಗ್ಲೂ ಅಂದ್ರ ನೀವು ಸೋಲ್ತೀರಲ್ರಿ. ಸಿನಿಮಾ ಕೆಡ್ತೈತಿ."

"ಕೆಡ್ಲಿ. ಸೆಗಣಿ ದಯೆಯಿಂದ ಗೆಲ್ಲೋದಕ್ಕಿಂತ ನಿಮ್ಮ ಕೈಲಿ ಸೋಲೋದೇ ಮರ್ಯಾದೆ ಕಣ್ರೀ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಮನ್ಯಾಗ ಹೇಳಿ ಬಂದೀರಿಲ್ಲೋ?"

ಟೇಕ್ ಶುರುವಾಯಿತು. ಅವನ ತೋಳನ್ನು ಹೆಗಲಿಗೆಳೆದು ಬಗ್ಗಿದೆ. ಅವನು ಅಲುಗಲಿಲ್ಲ. ಮತ್ತೆ ಎಳೆದೆ. ಮೂರನೇ ಸಲ ಅವನ ಒಂದು ಹಿಮ್ಮಡಿ ಮಣ್ಣು ಬಿಟ್ಟು ಮೇಲೆದ್ದಿತು. ಅವನ ಉಸಿರು ಬದಲಾದದ್ದು ನನ್ನ ಬೆನ್ನಿಗೆ ಗೊತ್ತಾಯಿತು. ಆಗ ಅವನೂ ಆಡತೊಡಗಿದ. ಶೆಡ್ಡಿನ ತಗಡು, ದೀಪಗಳು, ಮತ್ತೆ ತಗಡು. ನಾನು ಅಂಗಾತ ಬಿದ್ದಿದ್ದೆ.

ತಲೆಗೆ ಪೆಟ್ಟಾಗಲಿಲ್ಲ. ತಲೆಗೂ ಮಣ್ಣಿಗೂ ನಡುವೆ ಅವನ ಅಂಗೈ ಇತ್ತು.

"ಚಲೋ ಎತ್ತಿದ್ರಿ," ಎಂದು ಕಿವಿಯಲ್ಲಿ ಹೇಳಿದ. "ಒಂದು ಕಾಲು ಹೋಗಿತ್ತು ನೋಡ್ರಿ."

ಮೇಡಂ ಮಾನಿಟರಿನಿಂದ ತಲೆ ಎತ್ತಿದರು. "ಶರಣು, ಕೈ ಕಾಣಿಸ್ತಿದೆ. ಹೀರೋ ತಲೆ ಕಾಯೋ ವಿಲನ್ನ ಎಲ್ಲಾದ್ರೂ ನೋಡಿದ್ದೀರಾ?"

"ತೆಗೀಲೇನ್ರಿ?"

"ಬೇಡ," ಅಂದೆ. "ಮೇಡಂ, ಇದನ್ನೇ ಇಟ್ಕೊಳ್ಳಿ. ನಾನು ಸೋತೆ ಅಂತಲೇ ಇರ್ಲಿ."

ಅವರು ಆ ಟೇಕನ್ನು ಮತ್ತೊಮ್ಮೆ ಹಾಕಿ ನೋಡಿದರು. ನಾನು ಅವನ ತೋಳಿಗೆ ಜೋತುಬಿದ್ದ ಕಡೆ ಅವರಿಗೆ ನಗು ಬಂತು. ಬೆಳಗಿನಿಂದ ಅವರು ನಕ್ಕಿರಲಿಲ್ಲ. "ಸರಿ, ಸೋಲು ಹೋಗು. ಪ್ಯಾಕಪ್."

ನನಗೆ ಏಳಬೇಕೆನಿಸಲಿಲ್ಲ.

"ಥ್ಯಾಂಕ್ಸ್ ಶರಣು."

"ಕೆಡವಿದ್ದಕ್ಕೇನ್ರಿ?"

"ಹೂಂ," ಅಂದೆ. ಅವನಿನ್ನೂ ಕೈ ತೆಗೆದಿರಲಿಲ್ಲ.