ಕಾರ್ಡು ಬೀಳಿಸುವ ಸೋದರಮಾವ

ನೀವು ನಿಮ್ಮ ವಿಸಿಟಿಂಗ್ ಕಾರ್ಡನ್ನು ನನ್ನ ಸೋದರಮಾವನ ಕೈಗೆ ಕೊಟ್ಟರೆ ಅವರು ಅದನ್ನು ಓದುವುದೂ ಇಲ್ಲ, ಜೇಬಿಗೆ ಇಳಿಸುವುದೂ ಇಲ್ಲ. ಎರಡು ಬೆರಳಿನ ನಡುವೆ ಹಿಡಿದು, ಎದೆಯ ಮಟ್ಟಕ್ಕೆ ಎತ್ತಿ, ನಿಮ್ಮ ಕಣ್ಣೆದುರಿಗೇ ನೆಲಕ್ಕೆ ಬಿಟ್ಟುಬಿಡುತ್ತಾರೆ. ಆಮೇಲೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಆ ಕಡೆ ಈ ಕಡೆ ಓಡಾಡುವವರಲ್ಲಿ ಯಾರಾದರೂ ಅದಕ್ಕಾಗಿ ಬಗ್ಗುತ್ತಾರೋ ಇಲ್ಲವೋ ಎಂದು ಮಹಾ ತಪಸ್ವಿಯಂತೆ ಕಾಯುತ್ತಾರೆ. ಒಮ್ಮೆ ಬ್ಯಾಂಕ್ ಮ್ಯಾನೇಜರೊಬ್ಬರು ಹೊಂಬಣ್ಣದ ಅಕ್ಷರದ ತಮ್ಮ ಕಾರ್ಡು ಹೀಗೆ ನೆಲ ಕಂಡಾಗ ಮುಖ ಕೆಂಪಗೆ ಮಾಡಿಕೊಂಡು ತಾವೇ ಬಗ್ಗಿ ಎತ್ತಿಕೊಂಡರು. ಮಾವ ಅತ್ಯಂತ ವಿನಯದಿಂದ, "ನೀವು ಬಗ್ಗಿದ್ದು ಲೆಕ್ಕಕ್ಕಿಲ್ಲ ಸಾರ್, ಇನ್ನೊಂದು ಸಲ ಬೀಳಿಸ್ತೀನಿ ಇರಿ" ಎಂದರು. ಅವರ ಸಿದ್ಧಾಂತ ಬಹಳ ಸರಳ. "ಕೈಗೆ ಕೊಟ್ಟಾಗ ಎಲ್ಲರೂ ಮರ್ಯಾದೆಗೆ ತಗೋತಾರೆ ಕಣಯ್ಯಾ. ನೆಲದ ಮೇಲೆ ಬಿದ್ದಾಗ ಯಾರಾದ್ರೂ ಬಗ್ಗಿ ಎತ್ಕೊಂಡ್ರೆ ಅದು ಕಾರ್ಡು. ಇಲ್ಲದಿದ್ರೆ ಕಸ."

ನಲವತ್ತು ವರ್ಷಗಳಿಂದ ಮಾವ ಮಾಡುತ್ತ ಬಂದದ್ದು ಇದೊಂದೇ ಕೆಲಸ: ಪರರ ಹೆಸರನ್ನು ಅಂಗೈಯಗಲದ ಕಾಗದದ ಮೇಲೆ ಕೂರಿಸುವುದು. ಅವರ ಪ್ರೆಸ್ಸು ಉದ್ದಕ್ಕೆ ಮೂವತ್ತು ಹೆಜ್ಜೆ, ಅಗಲಕ್ಕೆ ನಾಲ್ಕೇ ಹೆಜ್ಜೆ ಇರುವ ಓಣಿಯಂಥ ಕೋಣೆ. ಎರಡೂ ಗೋಡೆಗೆ ಸೂರಿನವರೆಗೆ ಕಾಗದದ ರೀಮುಗಳು, ಕೊನೆಯಲ್ಲಿ ಕಾಲಿನಿಂದ ತುಳಿದು ನಡೆಸುವ ಹಳೆಯ ಮುದ್ರಣಯಂತ್ರ, ಅದರ ಪಕ್ಕದಲ್ಲಿ ಕಾಲಧರ್ಮಕ್ಕೆ ತಲೆಬಾಗಿ ತಂದಿಟ್ಟ ಒಂದು ಕಂಪ್ಯೂಟರು. ನಡುವೆ ಉಳಿದ ಜಾಗದಲ್ಲಿ ನೆಟ್ಟಗೆ ನಡೆಯಲು ಯಾರಿಂದಲೂ ಸಾಧ್ಯವಿಲ್ಲ. ಅಲ್ಲಿ ಓರೆಯಾಗಿ ಓಡಾಡಿ ಓಡಾಡಿ ಮಾವನ ದೇಹವೇ ಹಾಗೆ ಪಳಗಿಹೋಗಿ, ಈಗ ವಿಶಾಲವಾದ ರಾಜಮಾರ್ಗದಲ್ಲೂ ಎಡಭುಜವನ್ನು ಮುಂದೆ ಮಾಡಿಕೊಂಡು, ಯಾರದೋ ಮನೆಯ ಅರೆತೆರೆದ ಬಾಗಿಲಿನೊಳಗೆ ನುಸುಳಲು ಹೊರಟವರಂತೆ ನಡೆಯುತ್ತಾರೆ. ಅವರ ಬೂದಿಬಣ್ಣದ ಕೋಟು ಮೈಬಿಟ್ಟು ಇಳಿದದ್ದನ್ನು ಕಂಡವರು ಕಡಿಮೆ. ಹೊಲಿಸುವಾಗ ಅದಕ್ಕಿದ್ದದ್ದು ನಾಲ್ಕು ಜೇಬು. ಉಳಿದ ಏಳನ್ನು ಅತ್ತೆ ವರ್ಷಕ್ಕೊಂದರಂತೆ ಬೈಯುತ್ತಲೇ ಹೊಲಿದುಕೊಟ್ಟರು. ಒಂದೊಂದರಲ್ಲೂ ಒಂದೊಂದು ಬಗೆಯ ಕಾಗದದ ತುಣುಕುಗಳು. "ಈ ಕೋಟು ಒಗೀಬೇಕಂದ್ರೆ ಒಂದು ಅಂಗಡಿನೇ ಖಾಲಿ ಮಾಡ್ಬೇಕು" ಎಂಬುದು ಅತ್ತೆಯ ಕಾಯಂ ದೂರು.

ಮಾತಿನಲ್ಲೂ ಮಾವನದು ಓರೆನಡಿಗೆಯೇ. ಏನನ್ನಾದರೂ ಮಾಡಿ ಮುಗಿಸಿದರೆ ಅದನ್ನು ದೂರ ಹಿಡಿದು, ತಲೆ ವಾಲಿಸಿ, "ಚೆನ್ನಾಗಿದೆ, ಅಲ್ವಾ?" ಎನ್ನುತ್ತಾರೆ. ನೀವು ಹೌದೆನ್ನಲು ಬಾಯಿ ತೆರೆಯುವಷ್ಟರಲ್ಲಿ ತಾವೇ "ಅಲ್ಲ" ಎಂದು ತೀರ್ಪು ಕೊಟ್ಟು ಬುಟ್ಟಿಗೆ ಎಸೆಯುತ್ತಾರೆ. ಒಂದು ಕಾರ್ಡಿಗೆ ಇಪ್ಪತ್ತು ಸಲ ಈ ನಾಟಕ ನಡೆಯುತ್ತದೆ. ಕೊನೆಗೆ ಗಿರಾಕಿಯೇ ಬೇಸತ್ತು, ಬುಟ್ಟಿಗೆ ಬೀಳುವ ಮುನ್ನ ಕಿತ್ತುಕೊಂಡು ಹೋಗಬೇಕು. ಹಾಗೆ ಕಿತ್ತುಕೊಂಡು ಹೋದವರು ಈ ಊರಿನಲ್ಲಿ ಅರ್ಧಕ್ಕರ್ಧ ಮಂದಿ ಇದ್ದಾರೆ.

ಹಲ್ಲಿನ ಡಾಕ್ಟರೊಬ್ಬರು ಫಳಫಳಿಸುವ ಹಲ್ಲಿನ ಚಿತ್ರ ಬೇಕೇಬೇಕೆಂದು ಪಟ್ಟು ಹಿಡಿದಿದ್ದರು. "ಹಲ್ಲುನೋವಿರೋನಿಗೆ ಇನ್ನೊಬ್ಬರ ಒಳ್ಳೇ ಹಲ್ಲು ತೋರಿಸಿ ಯಾಕೆ ಹೊಟ್ಟೆ ಉರಿಸ್ತೀರಿ?" ಎಂದು ಮಾವ ಆ ಚಿತ್ರವನ್ನು ಕಿತ್ತುಹಾಕಿ, ಒಂದು ಕೈಯಲ್ಲಿ ಕೆನ್ನೆ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಫೋನು ಒತ್ತುವವನಿಗೆ ಕಣ್ಣೀರಿನಲ್ಲೂ ಕಾಣಿಸಲೆಂದು, ನಂಬರೊಂದನ್ನೇ ಕಾರ್ಡಿನ ತುಂಬ ಅಚ್ಚುಹಾಕಿದರು. ಡಾಕ್ಟರು ಮೂಗು ಮುರಿಯುತ್ತ ಒಯ್ದವರು, ಆರು ತಿಂಗಳಿಗೆ ಮತ್ತೆ ಸಾವಿರಕ್ಕೆ ಹೇಳಿಕಳಿಸಿದರು. ಕಾರ್ಡನ್ನು ಕೊಡುವವನ ಕಣ್ಣಿನಿಂದ ನೋಡದೆ, ಅದು ಕೈಗೆ ಬೇಕಾಗುವ ಗಳಿಗೆಯಲ್ಲಿ ಎದುರಿನವನು ಯಾವ ಸ್ಥಿತಿಯಲ್ಲಿರುತ್ತಾನೆಂದು ಯೋಚಿಸುವುದೇ ಅವರ ವಿದ್ಯೆಯ ಬೀಜಮಂತ್ರ.

ಇಂಥ ಮಾವನ ಮುಂದೆ ಒಂದು ದಿನ ನನ್ನ ತಂಗಿ ಬಂದು ನಿಂತಳು. ಅವಳು ಮೇಜು, ಕುರ್ಚಿ, ಕಪಾಟುಗಳನ್ನು ರಿಪೇರಿ ಮಾಡುತ್ತಾಳೆ. ಅಪ್ಪ ಬಡಗಿಯಾಗಿದ್ದರು; ಅವರ ಉಳಿ, ಉಜ್ಜುಗೊರಡುಗಳು ನನ್ನ ಕೈಗೆ ಹತ್ತಲಿಲ್ಲ, ಅವಳ ಕೈಗೆ ಹುಟ್ಟಿನಿಂದಲೇ ಬಂದಂತೆ ಒಗ್ಗಿದವು. ಆದರೆ ಯಾರ ಮನೆಯ ಬಾಗಿಲು ತಟ್ಟಿದರೂ "ಬಡಗಿ ಯಾವಾಗ ಬರ್ತಾರಮ್ಮ?" ಎಂದು ಅವಳನ್ನೇ ಕೇಳುತ್ತಿದ್ದರು. ಅವಳಿಗೋ ತನ್ನ ಬಗ್ಗೆ ನಾಲ್ಕು ಮಾತು ಹೇಳಿಕೊಳ್ಳೆಂದರೆ ಬಾಯಿಗೆ ಬೀಗ ಬೀಳುತ್ತದೆ. ಹೀಗಾಗಿ ಕೆಲಸ ಕಡಿಮೆಯಾಗುತ್ತ ಬಂದು, ಅಪ್ಪನ ಕಾರ್ಖಾನೆಯ ಬಾಗಿಲು ಮುಚ್ಚಿ ಯಾವುದೋ ಫರ್ನಿಚರ್ ಅಂಗಡಿಯಲ್ಲಿ ಪಾಲಿಶ್ ಹಾಕುವ ಸಂಬಳದ ಕೆಲಸಕ್ಕೆ ಸೇರಲು ನಿರ್ಧರಿಸಿದ್ದಳು. ಅಷ್ಟರಲ್ಲಿ ಒಂದು ಅವಕಾಶ ಒದಗಿತು. ಊರಿನ ಹಳೆಯ ಗ್ರಂಥಾಲಯದವರು ಮೂವತ್ತಾರು ಮೇಜು, ಇನ್ನೂರು ಕುರ್ಚಿಗಳನ್ನು ಎಸೆದು ಹೊಸದು ಕೊಳ್ಳಬೇಕೋ, ರಿಪೇರಿ ಮಾಡಿಸಬೇಕೋ ಎಂದು ಸಮಿತಿ ಮಾಡಿದ್ದರು. ಮೂರು ವಾರದಲ್ಲಿ ಸಮಿತಿಯ ಸಭೆ. ಕೆಲಸ ಕೇಳಿ ಬಂದವರೆಲ್ಲ ತಮ್ಮ ಪರಿಚಯ ಹೇಳಿ ಕಾರ್ಡು ಕೊಡಬೇಕು.

"ನನಗೆ ಮಾತಾಡೋಕೆ ಬರಲ್ಲ ಮಾವ. ನನ್ನ ಬದಲು ಮಾತಾಡೋ ಕಾರ್ಡು ಬೇಕು. ಈ ಕೆಲಸ ಸಿಗಲಿಲ್ಲ ಅಂದ್ರೆ ಅಪ್ಪನ ಕಾರ್ಖಾನೆಗೆ ಬೀಗ ಹಾಕೋದೇ."

ಮಾವ ಹನ್ನೊಂದು ಜೇಬನ್ನೂ ಒಂದೊಂದಾಗಿ ತಟ್ಟಿನೋಡಿಕೊಂಡರು. ಅದು ಅವರು ಒಪ್ಪಿಕೊಂಡ ಲಕ್ಷಣ.

ಆದರೆ ವಿದ್ಯಾವಂತನೂ ಒಮ್ಮೊಮ್ಮೆ ತನ್ನ ಪಾಠವನ್ನೇ ಮರೆಯುತ್ತಾನೆ. ಎರಡು ವಾರ ಒದ್ದಾಡಿ ಮಾವ ಮಾಡಿದ್ದೇನು? ಬಡಗಿಗೆ ಮರದ ಕಾರ್ಡು! ಮರದ ತೆಳ್ಳನೆಯ ಪದರವನ್ನು ಕತ್ತರಿಸಿ, ಅದರ ಮೇಲೆ ತಂಗಿಯ ಹೆಸರನ್ನು ಸುಟ್ಟ ಬಣ್ಣದಲ್ಲಿ ಮೂಡಿಸಿದ್ದರು. ನೋಡಲು ಎರಡು ಕಣ್ಣು ಸಾಲದು. ಹೆಮ್ಮೆಯಿಂದ ಎದೆಯ ಮಟ್ಟಕ್ಕೆ ಎತ್ತಿ ಬೀಳಿಸಿದರು. ನೆಲಕ್ಕೆ ತಾಗಿದ್ದೇ ತಡ, ಟಕ್ಕನೆ ನಡುವೆ ಸೀಳಿ ಎರಡು ಚೂರಾಯಿತು. ತಂಗಿ ನಗು ತಡೆಯಲಾರದೆ, "ಮಾವ, ಇದನ್ನೂ ನಾನೇ ರಿಪೇರಿ ಮಾಡ್ಲಾ?" ಎಂದಳು. ಮಾವ ನಗಲಿಲ್ಲ. ಹಲ್ಲಿನ ಡಾಕ್ಟರಿಗೆ ಹಲ್ಲು ಬೇಡವೆಂದ ತಾನು ಬಡಗಿಗೆ ಮರ ಕೊಟ್ಟೆನಲ್ಲ ಎಂಬ ಅವಮಾನ ಅವರ ಮುಖದಲ್ಲಿ ಎದ್ದು ಕಾಣುತ್ತಿತ್ತು.

ಉಳಿದದ್ದು ಏಳೇ ದಿನ. ಒಂದು ಬೆಳಿಗ್ಗೆ ಮಾವ ನಮ್ಮ ಮನೆಗೆ ಬಂದರು, ನಲವತ್ತು ವರ್ಷದಲ್ಲಿ ಯಾವ ಗಿರಾಕಿಗೂ ಹೇಳದಿದ್ದ ಮಾತನ್ನು ಹೇಳಲು. ತಂಗಿಯೂ ಇದ್ದಳು. ನನ್ನ ಬರೆಯುವ ಮೇಜಿನ ಸುತ್ತ ಕೂತು, ಕಾಫಿ ಎದುರಿಗಿಟ್ಟುಕೊಂಡು, ಮಾವ ತಲೆ ತಗ್ಗಿಸಿ ಶುರುಮಾಡಿದರು: "ಈ ಸಲ ನನ್ನ ಕೈಲಿ..." ಮೊಣಕೈ ಊರಿದ್ದಕ್ಕೆ ಮೇಜು ಅಲ್ಲಾಡಿ ಕಾಫಿ ಚೆಲ್ಲಿತು. ಆ ಮೇಜು ಕುಂಟುವುದು ನನಗೆ ಎಷ್ಟು ರೂಢಿಯಾಗಿತ್ತೆಂದರೆ ನಾನು ಬರೆದದ್ದೆಲ್ಲ ಅದರ ತೂಗಾಟದ ಲಯದಲ್ಲೇ ಬರೆದದ್ದು. ತಂಗಿ ಮಾವನ ಮಾತನ್ನು ಕೇಳುತ್ತಲೇ ಅವರ ಕೋಟಿನ ಮೇಲುಜೇಬಿಗೆ ಕೈಹಾಕಿ, ಒಂದು ದಪ್ಪ ಕಾಗದದ ತುಣುಕನ್ನು ಎಳೆದು, ಒಮ್ಮೆ ಮಡಿಸಿ, ಮತ್ತೊಮ್ಮೆ ಮಡಿಸಿ, ಮೊಣಕಾಲೂರಿ ಮೇಜಿನ ಕಾಲ ಕೆಳಗೆ ತುರುಕಿ, ಅಂಗೈಯಿಂದ ಮೇಜನ್ನು ಒತ್ತಿನೋಡಿ ಮತ್ತೆ ಕೂತಳು. "ಹೇಳಿ ಮಾವ, ನಿಮ್ಮ ಕೈಲಿ ಏನು?"

ಮಾವ ಕುರ್ಚಿಯಿಂದಿಳಿದು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಮೇಜಿನ ಕಾಲಡಿಯ ಆ ಕಾಗದವನ್ನು ಕಾಫಿ ಆರಿ ತಣ್ಣಗಾಗುವವರೆಗೆ ನೋಡಿದರು. ಆಮೇಲೆ ಎದ್ದು, ಎಡಭುಜ ಮುಂದೆ ಮಾಡಿಕೊಂಡು, ಹೇಳದೆ ಕೇಳದೆ ಹೊರಟೇಹೋದರು.

ಮುಂದಿನ ಐದು ದಿನ ಅವರು ಊರಿನ ಮೇಜುಗಳನ್ನೆಲ್ಲ ಅಲ್ಲಾಡಿಸುತ್ತ ತಿರುಗಿದರು. ಹೋಟೆಲು, ಅಂಚೆಕಚೇರಿ, ವಕೀಲರ ಕೋಣೆ, ಶಾಲೆಯ ಸ್ಟಾಫ್‌ರೂಮು, ಯಾವುದನ್ನೂ ಬಿಡಲಿಲ್ಲ. ಒಳಗೆ ಹೋಗುವುದು, ಮೇಜಿನ ಮೂಲೆ ಒತ್ತುವುದು, ಕುಂಟಿದರೆ ಬಗ್ಗಿ ಕಾಲಡಿ ಕಾಗದ ತುರುಕುವುದು, ಎಷ್ಟು ಪದರ ಹಿಡಿಯಿತೆಂದು ಬರೆದುಕೊಂಡು ಕಾಗದವನ್ನು ಮತ್ತೆ ಎಳೆದುಕೊಳ್ಳುವುದು. ಹೋಟೆಲಿನ ಯಜಮಾನನೊಬ್ಬ, "ಏನ್ ಸ್ವಾಮಿ, ಏನಾದ್ರೂ ಕಳ್ಕೊಂಡ್ರಾ?" ಎಂದು ಕೇಳಿದ್ದಕ್ಕೆ, "ಕಳ್ಕೊಂಡಿದ್ದೆ, ಸಿಕ್ತು" ಎಂದು ನಕ್ಕು ಮುಂದಿನ ಮೇಜಿಗೆ ಹೋದರಂತೆ.

ಸಭೆಯ ಹಿಂದಿನ ದಿನ ಕಾರ್ಡು ಸಿದ್ಧವಾಯಿತು. ನೆಲದ ಮೇಲೆ ಜಾರದ, ಹೊಳಪಿಲ್ಲದ, ಒರಟು ಕಾಗದ. ಅದರ ಮೇಲೆ ಶಾಯಿಯಿಲ್ಲದೆ, ಮೊಂಡು ಅಲಗಿನಿಂದ ಒತ್ತಿದ, ಮೂರು ಸಲ ಮಡಿಸಲು ಬೇಕಾದ ಗೆರೆಗಳು. ಒಮ್ಮೆ ಮಡಿಸಿದರೆ ಎರಡು ಪದರ, ಎರಡು ಸಲಕ್ಕೆ ನಾಲ್ಕು, ಮೂರಕ್ಕೆ ಎಂಟು. ಬಿಚ್ಚಿದಾಗ ಒಳಗೆ ತಂಗಿಯ ಹೆಸರು, ಕೆಲಸ, ಫೋನ್ ನಂಬರು. ಎಷ್ಟೇ ಮಡಿಸಿದರೂ ಹೊರಗೆ ಉಳಿಯುವ ಅಂಚಿನಲ್ಲಿ, ಮೇಜಿನಡಿ ಇಣುಕಿದವರಿಗೆ ಕಾಣುವಂತೆ, ಎರಡೇ ಪದ: 'ಇದು ಸದ್ಯಕ್ಕೆ.' ಹೆಸರಿನ ಕೆಳಗೆ ಇನ್ನೊಂದು ಸಾಲು: 'ಪೂರ್ತಿ ಸರಿಯಾಗಬೇಕಾದರೆ ನನ್ನನ್ನು ಕರೆಯಿರಿ.' ಒಂದು ಹೊಗಳಿಕೆಯ ಮಾತಿಲ್ಲ, ಉಳಿ ಸುತ್ತಿಗೆಯ ಚಿತ್ರವಿಲ್ಲ. ಮಾವ ಅದನ್ನು ದೂರ ಹಿಡಿದು, "ಚೆನ್ನಾಗಿದೆ, ಅಲ್ವಾ?" ಎಂದರು. "ಅಲ್ಲ" ಎನ್ನುವ ಮೊದಲು ತಂಗಿ ಕಿತ್ತುಕೊಂಡಳು.

ಸಭೆಯಲ್ಲಿ ನಾನು ಗ್ರಂಥಾಲಯದ ಹಳೆಯ ಸದಸ್ಯನೆಂಬ ನೆಪದಿಂದ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಮಾವ ಬಾಗಿಲ ಹತ್ತಿರ, ಬಾಗಿಲು ಪೂರ್ತಿ ತೆರೆದಿದ್ದರೂ ಓರೆಯಾಗಿ, ನಿಂತಿದ್ದರು. ಉದ್ದನೆಯ ಮೇಜಿನ ಆಚೆ ಐವರು ಸಮಿತಿಯವರು; ನಡುವೆ ಗ್ರಂಥಾಲಯದ ಅಧ್ಯಕ್ಷೆ, ನಿವೃತ್ತ ಮುಖ್ಯೋಪಾಧ್ಯಾಯಿನಿ, ಕನ್ನಡಕದ ಮೇಲಿಂದ ನೋಡುವವರು. ತಂಗಿಗಿಂತ ಮೊದಲು ಬಂದ ಇಬ್ಬರು ಕಂಟ್ರಾಕ್ಟರರು ನುಣುಪಾದ ಕಾರ್ಡುಗಳನ್ನು ಹಂಚಿ, ಹಳೆಯದನ್ನೆಲ್ಲ ಸೌದೆಗೆ ಹಾಕಿ ಹೊಸದು ತರಿಸುವುದೇ ಲೇಸೆಂದು ಅರ್ಧ ಗಂಟೆ ನಿರರ್ಗಳವಾಗಿ ಮಾತಾಡಿ ಹೋಗಿದ್ದರು.

"ನಿಮ್ಮ ಬಗ್ಗೆ ಹೇಳಿ ಅಮ್ಮ" ಎಂದರು ಅಧ್ಯಕ್ಷೆ.

ತಂಗಿ ಬಾಯಿ ತೆರೆದಳು, ಮಾತು ಬರಲಿಲ್ಲ. ಆಧಾರಕ್ಕೆಂದು ಅವಳು ಮೇಜಿನ ಮೇಲೆ ಕೈಯೂರಿದಳು. ಮೇಜು ಕುಂಟಿತು, ಲೋಟದ ನೀರು ತುಳುಕಿತು. ಆ ಕ್ಷಣದಲ್ಲಿ ಅವಳಿಗೆ ಸಭೆಯೇ ಮರೆತುಹೋಯಿತೆಂದು ನನಗೆ ಅವಳ ಬೆನ್ನು ನೋಡಿಯೇ ಗೊತ್ತಾಯಿತು. ಚೀಲದಿಂದ ಒಂದು ಕಾರ್ಡು ತೆಗೆದು, ಎರಡು ಸಲ ಮಡಿಸಿ, ಮೊಣಕಾಲೂರಿ ತುರುಕಿದಳು, ಒತ್ತಿದಳು, ಸಾಲಲಿಲ್ಲ, ಎಳೆದು ಇನ್ನೊಂದು ಮಡಿಕೆ ಹಾಕಿ ಮತ್ತೆ ತುರುಕಿದಳು. ಎದ್ದು ನಿಂತು, "ಈಗ ಒತ್ತಿ ನೋಡಿ ಮೇಡಂ" ಎಂದಳು.

ಅಧ್ಯಕ್ಷೆ ಒಂದು ಕೈ ಊರಿದರು. ಎರಡೂ ಕೈ ಊರಿದರು. ಎದ್ದು ನಿಂತು ಮೈಭಾರವನ್ನೆಲ್ಲ ಹಾಕಿದರು. ಲೋಟದ ನೀರು ಎಳ್ಳಷ್ಟೂ ಅಲುಗಲಿಲ್ಲ. "ಒಂಬತ್ತು ವರ್ಷದಿಂದ ಈ ಮೇಜನ್ನ ಮೊಣಕೈಲಿ ಅದುಮಿಟ್ಕೊಂಡು ಸಹಿ ಹಾಕ್ತಿದೀನಿ" ಎಂದವರೇ, ಸೀರೆಯ ಸೆರಗನ್ನು ಹಿಡಿದುಕೊಂಡು, ಮೇಜಿನ ಕೆಳಗೆ ಬಗ್ಗಿದರು. ಅಧ್ಯಕ್ಷೆ ಬಗ್ಗಿದ ಮೇಲೆ ಉಳಿದವರು ನೆಟ್ಟಗೆ ಕೂರಲಾದೀತೇ? ಐದು ತಲೆಗಳೂ ಮೇಜಿನಡಿ ಮಾಯವಾದವು. ಅಲ್ಲಿಂದಲೇ ಅಧ್ಯಕ್ಷೆಯ ದನಿ ಕೇಳಿಸಿತು: "ಇದು ಸದ್ಯಕ್ಕೆ." ಮೇಜಿನ ಕೆಳಗಿನಿಂದ ಐವರ ನಗು ಒಟ್ಟಿಗೆ ಎದ್ದಿತು.

ನಾನು ಬಾಗಿಲ ಕಡೆ ತಿರುಗಿ ನೋಡಿದೆ. ಮಾವ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಆ ಬಗ್ಗಿದ ಬೆನ್ನುಗಳನ್ನು ಎಣಿಸುತ್ತಿದ್ದರು.

"ಪೂರ್ತಿ ಸರಿ ಮಾಡೋರು ಯಾರಮ್ಮ?" ಎಂದು ಕೇಳುತ್ತ ಅಧ್ಯಕ್ಷೆ ತಲೆಯೆತ್ತಿದರು.

"ನಾನೇ" ಎಂದಳು ತಂಗಿ. ಅಲ್ಲಿಂದ ಅವಳ ಬಾಯಿಗೆ ಬಿದ್ದಿದ್ದ ಬೀಗ ಕಳಚಿತು. "ಇದರ ಕಾಲು ಮೋಟಾಗಿಲ್ಲ ಮೇಡಂ, ಆ ಕಡೆ ಜಾಯಿಂಟಿನ ಅಂಟು ಒಣಗಿದೆ ಅಷ್ಟೇ. ಇಂಥ ಮರ ಈಗ ದುಡ್ಡು ಕೊಟ್ರೂ ಸಿಗಲ್ಲ. ಎಸೀಬೇಡಿ" ಎಂದು ತೊಡಗಿ, ಕುರ್ಚಿಗಳ ಬೆನ್ನು, ಕೈ, ಕಾಲುಗಳ ಕಾಯಿಲೆಯನ್ನೆಲ್ಲ ನಿವೇದಿಸಿ, ಮೂವತ್ತಾರು ಮೇಜು ಇನ್ನೂರು ಕುರ್ಚಿಗಳನ್ನು ಅವತ್ತೇ ಗೆದ್ದುಕೊಂಡು ಬಂದಳು. ನನಗೆ ಗಟ್ಟಿಯಾಗಿ ಕೂಗಬೇಕೆನ್ನಿಸಿತು, ಗ್ರಂಥಾಲಯವೆಂದು ತಡೆದುಕೊಂಡೆ.

ಹೊರಗೆ ಮೆಟ್ಟಿಲಿನ ಮೇಲೆ ಮಾವನನ್ನು ಹಿಡಿದು ನಿಲ್ಲಿಸಿದೆ. "ಆ ಮೇಜು ಕುಂಟುತ್ತೆ ಅಂತ ನಿಮಗೆ ಗೊತ್ತಿತ್ತು, ಅಲ್ವಾ?"

"ಊರಿನ ಮೇಜೆಲ್ಲ ಅಲ್ಲಾಡಿಸಿದೋನು ಅದೊಂದು ಬಿಡ್ತೀನೇನಯ್ಯಾ?"

"ಮತ್ತೆ ಅವಳಿಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಅವಳು ನಾಟಕ ಮಾಡೋಳು. ಹೇಳದೆ ಇದ್ದಿದ್ದಕ್ಕೆ ಕೆಲಸ ಮಾಡಿದಳು."

ಆರು ತಿಂಗಳಲ್ಲಿ ಗ್ರಂಥಾಲಯದ ಕೆಲಸ ಮುಗಿಯಿತು. ಅಪ್ಪನ ಕಾರ್ಖಾನೆಯಲ್ಲಿ ಈಗ ತಂಗಿಯ ಕೈಕೆಳಗೆ ಮೂವರಿದ್ದಾರೆ. ಸಮಿತಿಯ ಮೇಜು ಗುಣವಾದ ದಿನ ಅವಳು ಆ ಕಾರ್ಡನ್ನು ಕಾಲಡಿಯಿಂದ ತೆಗೆದು ಮಾವನಿಗೆ ಕೊಟ್ಟಳು. ಮೊನ್ನೆ ಪ್ರೆಸ್ಸಿಗೆ ಹೋದಾಗ ಅವರು ಕೋಟಿನ ಹನ್ನೆರಡನೆಯ ಜೇಬಿನಿಂದ ಅದನ್ನು ತೆಗೆದರು. ಹೌದು, ಅದಕ್ಕಾಗಿಯೇ ಅತ್ತೆ ಇನ್ನೊಂದು ಜೇಬು ಹೊಲಿದಿದ್ದಾರೆ, ಈ ಸಲ ಬೈಯದೆ. ಕಾಗದ ಹಳದಿಗಟ್ಟಿದೆ, ನಡುವೆ ಮೇಜಿನ ಕಾಲಿನ ಗುಂಡನೆಯ ಗುರುತು ಆಳವಾಗಿ ಒತ್ತಿದೆ. ಮಾವ ಅದನ್ನು ಎದೆಯ ಮಟ್ಟಕ್ಕೆ ಎತ್ತಿ ನನ್ನೆದುರು ಬೀಳಿಸಿದರು. ನಾನು ಬಗ್ಗಿ ಎತ್ತಿಕೊಂಡೆ.

"ಚೆನ್ನಾಗಿದೆ, ಅಲ್ವಾ?" ಎಂದರು.

ನಾನು ಕಾದೆ. "ಅಲ್ಲ" ಎಂಬ ತೀರ್ಪು ಬರಲಿಲ್ಲ. ಮಾವ ಸುಮ್ಮನೆ ನಗುತ್ತ ನಿಂತಿದ್ದರು.

ಲೋಕದಲ್ಲಿ ತಮ್ಮ ಹೆಸರನ್ನು ಬೆಳಗಿಸಿಕೊಳ್ಳುವವರು ಬೇಕಾದಷ್ಟು ಮಂದಿ. ಅವರ ನಡುವೆ, ಇನ್ನೊಬ್ಬರ ಹೆಸರು ಎಲ್ಲಿ ನಿಂತರೆ ಅಲುಗದೆಂದು ಊರೆಲ್ಲ ಹುಡುಕಿ, ಆ ಜಾಗಕ್ಕೆ ತಕ್ಕಂತೆ ಅದನ್ನು ಮಡಿಸಿಕೊಟ್ಟು, ತಾವು ಬಾಗಿಲ ಬಳಿ ಓರೆಯಾಗಿ ನಿಂತು ನೋಡುವ ಕೆಲವರಿರುತ್ತಾರೆ. ಅವರ ಹೆಸರು ಯಾವ ಕಾರ್ಡಿನಲ್ಲೂ ಅಚ್ಚಾಗಿರುವುದಿಲ್ಲ. ನಮ್ಮ ಕೈಕೆಳಗಿನ ಮೇಜು ಅಲ್ಲಾಡದೆ ನಿಂತಿದ್ದರೆ, ಒಮ್ಮೆ ಬಗ್ಗಿ ನೋಡಬೇಕು. ಇಂಥವರೊಬ್ಬರು ಅಲ್ಲಿಗೆ ನಮಗಿಂತ ಮೊದಲೇ ಬಂದು ಹೋಗಿರುತ್ತಾರೆ.