ಮೂರು ಹೆಸರು ಹೇಳು

ಬೇಟೆಯ ಕಾಲದಲ್ಲಿ ಗಂಡಸರು ತೊಡುವ, ಮೈಲಿ ದೂರದಿಂದಲೇ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಕೋಟೊಂದನ್ನು ವರ್ನಾ ಶೆಲ್‌ಸ್ಟಾಡ್ ಅವರು ವಿಶ್ವವಿದ್ಯಾಲಯಗಳನ್ನು ನೋಡಲು ಹೋಗುವಾಗ ಮಾತ್ರ ತೊಡುತ್ತಿದ್ದರು. ಅದು ಅವರ ತಂದೆಯದು. ತೋಳು ಉದ್ದ, ಹೆಗಲು ಅಗಲ, ಜೇಬಿನಲ್ಲಿ ಯಾವ ಕಾಲದ್ದೋ ಪೈನ್ ಮರದ ಒಣಗಿದ ಸೂಜಿ ಎಲೆಗಳು. ಏಕೆಂದು ಕೇಳಿದವರಿಗೆ ಅವರ ಉತ್ತರ ಸಿದ್ಧವಿರುತ್ತಿತ್ತು: "ಕಾಡಲ್ಲಿ ಜಿಂಕೆ ಅಂದ್ಕೊಂಡು ಯಾರೂ ಹೊಡೀಬಾರ್ದು ಅಂತ ಇದನ್ನ ಹಾಕ್ಕೋತಾರೆ. ಅಡ್ಮಿಷನ್ ಆಫೀಸಿನೋರು ಗಿರಾಕಿ ಅಂದ್ಕೋಬಾರ್ದು ಅಂತ ನಾನು ಹಾಕ್ಕೋತೀನಿ."

ನಮ್ಮೂರಿನ ಹೈಸ್ಕೂಲಿನಲ್ಲಿ ಅವರು ಇತಿಹಾಸ ಹೇಳುತ್ತಿದ್ದರು, ನಾನು ಪಕ್ಕದ ಕೋಣೆಯಲ್ಲಿ ರಸಾಯನಶಾಸ್ತ್ರ. ಗೋಡೆ ತೆಳುವಾದುದರಿಂದ ಅವರ ಸಿಟ್ಟಿನ ಪರಿಚಯ ನನಗೆ ಅವರ ಮುಖಪರಿಚಯಕ್ಕಿಂತ ಮೊದಲೇ ಆಯಿತು. ಹುಡುಗರ ಮೇಲೆ ಅವರು ಎಂದೂ ರೇಗಿದವರಲ್ಲ. ಸತ್ತು ಶತಮಾನಗಳಾದ ರಾಜರ ಮೇಲೆ, ಬದುಕಿರುವ ಶಾಸಕರ ಮೇಲೆ, ಪಠ್ಯಪುಸ್ತಕದಲ್ಲಿ ಒಂದು ಯುದ್ಧವನ್ನು ಅರ್ಧ ಪುಟಕ್ಕೆ ಇಳಿಸಿದವರ ಮೇಲೆ ಅವರ ಕೋಪ ದಿನವೂ ಹೊಸದಾಗಿ ಹೊತ್ತಿಕೊಳ್ಳುತ್ತಿತ್ತು. ಯಾರಾದರೂ ದೊಡ್ಡ ಮಾತಾಡಿ ಮುಗಿಸಿದರೆ ಅವರು ಕನ್ನಡಕವನ್ನು ಹಣೆಗೇರಿಸಿ ಒಂದೇ ಮಾತು ಕೇಳುತ್ತಿದ್ದರು: "ಆಮೇಲೆ?" ಆ ಪ್ರಶ್ನೆಯ ಮುಂದೆ ನಮ್ಮ ಪ್ರಿನ್ಸಿಪಾಲರು ಬೆವರುವುದನ್ನು ನಾನೇ ಕಂಡಿದ್ದೇನೆ.

ಮದುವೆಯಾಗದ ವರ್ನಾ ಅವರಿಗೆ ತಮ್ಮನ ಮಗಳು ಮಾರೆನ್ ಎಂದರೆ ಪ್ರಾಣ. ಹದಿನೇಳರ ಆ ಹುಡುಗಿಯದು ಮಾತು ಕಡಿಮೆ, ಓದು ಹೆಚ್ಚು. ಇತಿಹಾಸ, ತತ್ತ್ವಶಾಸ್ತ್ರ, ಸಾಹಿತ್ಯ ಎಲ್ಲವನ್ನೂ ಒಟ್ಟಿಗೆ ಓದುವ ಲಿಬರಲ್ ಆರ್ಟ್ಸ್ ಪದವಿಯ ಹೊರತು ಬೇರೇನೂ ಬೇಡವೆಂದು ನಿಶ್ಚಯಿಸಿದ್ದಳು. ಬೇರೆ ರಾಜ್ಯದ ಕಾಲೇಜಿನ ಶುಲ್ಕ ಆ ಮನೆಯವರ ಕೈಗೆ ಎಟುಕುವಂಥದ್ದಲ್ಲ. ಆದ್ದರಿಂದ ಆಯ್ಕೆ ಎರಡಕ್ಕೆ ಇಳಿಯಿತು: ರಾಜಧಾನಿಯಲ್ಲಿ ಫುಟ್‌ಬಾಲಿಗೆ ಹೆಸರಾದ, ಒಂದು ಪಟ್ಟಣದಷ್ಟು ಜನರಿರುವ ದೊಡ್ಡ ವಿಶ್ವವಿದ್ಯಾಲಯ, ಉತ್ತರಕ್ಕೆ ಹೊಳೆಯ ದಂಡೆಯಲ್ಲಿ ಅದೇ ಸರ್ಕಾರ ನಡೆಸುವ ಚಿಕ್ಕ ಕ್ಯಾಂಪಸ್. ಮೇ ಒಂದರೊಳಗೆ ಒಂದಕ್ಕೆ ಹೂಂ ಎನ್ನಬೇಕಿತ್ತು.

ಮಾರೆನಳ ತಂದೆ ರೋಲಂಡ್‌ಗೆ ಇದು ಆಯ್ಕೆಯೆಂದೇ ಅನಿಸಿರಲಿಲ್ಲ. ಅವರ ಮನೆಯಲ್ಲಿ ಕೂಸು ಹುಟ್ಟಿದರೆ ಆಸ್ಪತ್ರೆಯಲ್ಲೇ ಅದರ ತಲೆಗೆ ದೊಡ್ಡ ವಿಶ್ವವಿದ್ಯಾಲಯದ ಕೆಂಪು ಟೋಪಿ ತೊಡಿಸುವುದು ವಾಡಿಕೆ. ಆ ಮನೆಯಿಂದ ಯಾರೊಬ್ಬರೂ ಅಲ್ಲಿ ಓದದಿದ್ದರೂ ಶನಿವಾರದ ಆಟವನ್ನು ಯಾರೂ ತಪ್ಪಿಸಿದವರಲ್ಲ. ವರ್ನಾ ಮಾತ್ರ ಚಿಕ್ಕ ಕ್ಯಾಂಪಸ್ಸಿನಲ್ಲಿ ಓದಿ ಬಂದವರು, ಮನೆಯ ಪಾಲಿಗೆ ಪಕ್ಷಾಂತರಿ. ಅಕ್ಕ ತಮ್ಮ ಎದುರುಬದುರಾದಾಗಲೆಲ್ಲ ಜಗಳ ಹೊತ್ತಿಕೊಳ್ಳುತ್ತಿತ್ತು, ನಡುವೆ ಮಾರೆನ್ ತಟ್ಟೆ ನೋಡುತ್ತ ಉಣ್ಣುತ್ತಿದ್ದಳು.

ಅಕ್ಟೋಬರಿನಲ್ಲಿ ವರ್ನಾ, ರೋಲಂಡ್, ಮಾರೆನ್ ರಾಜಧಾನಿಗೆ ಹೋದಾಗ ಕಾರು ನನ್ನದು. ವರ್ನಾ ಅವರ ಹಳೆಯ ಗಾಡಿಯನ್ನು ನಂಬಿ ಹೆದ್ದಾರಿಗೆ ಇಳಿಯುವ ಧೈರ್ಯ ಅವರಿಗೂ ಇರಲಿಲ್ಲ. ಕ್ಯಾಂಪಸ್ ತೋರಿಸಲು ಬಂದ ಹುಡುಗ ಎಲ್ಲ ಕಡೆಯ ಪದ್ಧತಿಯಂತೆ ನಮ್ಮ ಕಡೆ ಮುಖ ಮಾಡಿ ಹಿಮ್ಮುಖವಾಗಿ ನಡೆಯುತ್ತ, ನಗುತ್ತ, ವ್ಯಾಯಾಮಕ್ಕೆಂದು ಹತ್ತುವ ಗೋಡೆ ತೋರಿಸಿದ, ಈಜುಕೊಳದಲ್ಲಿ ಸುತ್ತಿ ಹರಿಯುವ ಕೃತಕ ನದಿ ತೋರಿಸಿದ, ಗುಂಡಿ ಒತ್ತಿದರೆ ಪ್ಯಾನ್‌ಕೇಕ್ ಬೀಳಿಸುವ ಯಂತ್ರದ ಮುಂದೆ ನಿಂತು ಭಕ್ತಿಯಿಂದ ಮಾತಾಡಿದ. ವರ್ನಾ ಅವರ ನಡಿಗೆ ಯಾವಾಗಲೂ ಮುಂದಕ್ಕೆ ಬಾಗಿದ್ದು, ಎದುರುಗಾಳಿಯಲ್ಲಿ ನಡೆಯುವವರದು; ಅವರು ಮುಂದೊತ್ತಿದಷ್ಟೂ ಪಾಪ, ಆ ಹುಡುಗ ಹಿಂದೆ ಸರಿದು ಕೊನೆಗೆ ಹೂಕುಂಡವೊಂದಕ್ಕೆ ತಗುಲಿ ನಿಂತ.

"ಸರಿ ಮರಿ, ಎಲ್ಲಾ ನೋಡಿದ್ವಿ. ಈಗ ನಿಂಗೆ ಪಾಠ ಹೇಳೋರಲ್ಲಿ ಮೂರು ಜನದ ಹೆಸರು ಹೇಳು. ಆದ್ರೆ ಅವ್ರಿಗೂ ನಿನ್ನ ಹೆಸ್ರು ಗೊತ್ತಿರ್ಬೇಕು" ಎಂದರು ವರ್ನಾ.

ಹುಡುಗ ಆಕಾಶ ನೋಡಿದ. "ಮೇಡಂ, ನಮ್ಮ ಕ್ಲಾಸು ತುಂಬಾ ದೊಡ್ಡದು… ಆನ್‌ಲೈನ್ ಇರುತ್ತೆ… ಒಬ್ರು ಅಸಿಸ್ಟೆಂಟ್ ಇದಾರೆ, ಜೇಕ್ ಅಂತ. ಜೇಕೋ ಜ್ಯಾಕೋ."

"ಆಮೇಲೆ?"

ರೋಲಂಡ್ ಕೆಂಪು ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡು, "ಅಕ್ಕಾ, ಮಾನ ಕಳೀಬೇಡ ಮಾರಾಯ್ತಿ, ಜನ ನೋಡ್ತಿದಾರೆ" ಎಂದು ಗೋಗರೆದರು. "ನೋಡ್ಲಿ ಅಂತಾನೇ ಈ ಕೋಟು" ಎಂದರು ವರ್ನಾ.

ಫೆಬ್ರವರಿಯ ಹಿಮದಲ್ಲಿ ಚಿಕ್ಕ ಕ್ಯಾಂಪಸ್ಸಿಗೆ ಹೋದಾಗ ಮಾತ್ರ ಬೇರೆಯೇ ವರ್ನಾ ಅವರನ್ನು ಕಂಡೆ. ಅಲ್ಲಿನ ಮಾರ್ಗದರ್ಶಿ ಹುಡುಗಿ ಪ್ರಶ್ನೆ ಮುಗಿಯುವ ಮೊದಲೇ ಮೂರು ಹೆಸರು ಹೇಳಿದಳು: ಗ್ರೀಕರ ಇತಿಹಾಸ ಹೇಳುವ ಪಾವ್ಲಿಕ್ ಅವರು, ಪರೀಕ್ಷೆಯ ವಾರ ಮನೆಯಿಂದ ಬಟಾಣಿ ಸೂಪು ತರುತ್ತಾರೆ, ತತ್ತ್ವಶಾಸ್ತ್ರದ ಓಡೆಲ್ ಅವರು ತರಗತಿಯಲ್ಲಿ ತಾವೇ ಸೋತ ವಾದವನ್ನು ವರ್ಷಗಟ್ಟಲೆ ನೆನಪಿಡುತ್ತಾರೆ, ಜರ್ಮನ್ ಹೇಳುವ ರೂಟ್ ಅವರ ನಾಯಿಗೂ ವಿದ್ಯಾರ್ಥಿಗಳ ಗುರುತಿದೆ. ವರ್ನಾ ಕೋಟಿನ ಗುಂಡಿ ಬಿಚ್ಚಿದರು. ಕ್ಯಾಂಪಸ್ಸಿನ ಅಂಗಡಿಗೆ ನುಗ್ಗಿ, ಜೀವಮಾನದಲ್ಲಿ ಇಂಥದಕ್ಕೆ ಕಾಸು ಬಿಚ್ಚದವರು, ಕಾಲೇಜಿನ ಹಸಿರು ಸ್ವೆಟ್‌ಶರ್ಟ್ ಕೊಂಡು ಮಾರೆನಳ ಹೆಗಲಿಗೆ ಹಾಕಿದರು. ಮರಳುವಾಗ ಕಾರಿನಲ್ಲಿ ಅಂದಂದೇ ಮಾಡಿದ, ಅಗಿದರೆ ಕಿರುಗುಟ್ಟುವ ಚೀಸಿನ ತುಂಡುಗಳನ್ನು ಮೆಲ್ಲುತ್ತ ಯಾವುದೋ ಹಳೆಯ ಕಾಲೇಜು ಹಾಡನ್ನು ಗುನುಗಿದರು, ಮಾರೆನ್ ಮಾತ್ರ ಕಿಟಕಿಯಾಚೆ ನೋಡುತ್ತಿದ್ದಳು.

ಏಪ್ರಿಲ್ ಮೊದಲ ವಾರದಲ್ಲಿ ಸುದ್ದಿ ಬಂತು. ಚಿಕ್ಕ ಕ್ಯಾಂಪಸ್ಸಿನಲ್ಲಿ ಇತಿಹಾಸ, ತತ್ತ್ವಶಾಸ್ತ್ರ, ಜರ್ಮನ್ ವಿಭಾಗಗಳಿಗೆ ಆ ಬೇಸಿಗೆಗೇ ಬೀಗ; ಅಧಿಕೃತ ಭಾಷೆಯಲ್ಲಿ ಅದರ ಹೆಸರು ಪುನರ್ರಚನೆ. ಪಾವ್ಲಿಕ್, ಓಡೆಲ್, ರೂಟ್ ಮೂವರಿಗೂ ಜನವರಿಯಲ್ಲೇ ಹೊರಡಲು ಹೇಳಿಯಾಗಿತ್ತು. ನಾವು ಫೆಬ್ರವರಿಯಲ್ಲಿ ಹಿಮ ತುಳಿಯುತ್ತ ನಡೆದಾಗ ಅಡ್ಮಿಷನ್ ಆಫೀಸಿಗೆ ಅದು ಗೊತ್ತಿತ್ತು, ಬಿಸಿ ಚಾಕೊಲೇಟ್ ಕೊಟ್ಟು ನಕ್ಕವರಿಗೆ ಗೊತ್ತಿತ್ತು, ಗೊತ್ತಿರದಿದ್ದುದು ಆ ಹುಡುಗಿಗೆ ಮತ್ತು ನಮಗೆ. ಸಾರ್ವಜನಿಕರ ತೆರಿಗೆಯಲ್ಲಿ ನಡೆಯುವ ಸಂಸ್ಥೆಯೊಂದು ಹದಿನೇಳರ ಮಕ್ಕಳಿಗೆ ಇಲ್ಲದ ಪಾಠವನ್ನು ಮಾರಲು ಹೊರಟಿತ್ತೆಂಬುದನ್ನು ನೆನೆದರೆ ಇದನ್ನು ಬರೆಯುವಾಗಲೂ ನನ್ನ ಮೈ ಉರಿಯುತ್ತದೆ. ವರ್ನಾ ಅವರ ಕೋಣೆಯಿಂದ ಆ ದಿನ ಸದ್ದೇ ಇರಲಿಲ್ಲ, ಅದು ನನಗೆ ಹೆದರಿಕೆ ತಂದಿತು.

ಸೀಟು ಸಿಕ್ಕ ಮಕ್ಕಳನ್ನೂ ಮನೆಯವರನ್ನೂ ಆದರಿಸುವ ಸಮಾರಂಭ ಅದೇ ಕ್ಯಾಂಪಸ್ಸಿನಲ್ಲಿ ಮರುವಾರವೇ ಇತ್ತು, ಸುದ್ದಿಯ ನಂತರವೂ ರದ್ದಾಗಿರಲಿಲ್ಲ. ವರ್ನಾ, ಮಾರೆನ್, ನಾನು ಮೂವರೂ ಹೋದೆವು. ಡೀನ್ ವೇದಿಕೆಯ ಮೇಲೆ ತೋಳು ಮಡಚಿದ ಅಂಗಿಯಲ್ಲಿ ಅತ್ತಿತ್ತ ಓಡಾಡುತ್ತ, ನಾಳಿನ ಉದ್ಯೋಗಗಳ ಬಗ್ಗೆ, ವಿದ್ಯಾರ್ಥಿಯೇ ಕೇಂದ್ರವಾದ ಶಿಕ್ಷಣದ ಬಗ್ಗೆ ನಿರರ್ಗಳವಾಗಿ ಹೇಳಿದರು. ಸಭೆಯ ನಡುವೆ ಕಿತ್ತಳೆ ಕೋಟು ಎದ್ದು ನಿಂತಿತು.

"ಬರೋ ಸೆಪ್ಟೆಂಬರಲ್ಲಿ ಇಲ್ಲಿ ಇತಿಹಾಸ ಹೇಳೋ ಮೂರು ಜನದ ಹೆಸರು ಹೇಳಿ."

ಡೀನ್ ನಕ್ಕರು. "ಒಳ್ಳೇ ಪ್ರಶ್ನೆ ಮೇಡಂ. ಈಗ ಪ್ರತಿ ವಿದ್ಯಾರ್ಥಿ ತನ್ನ ದಾರೀನ ತಾನೇ ಕಟ್ಕೋಬಹುದು…"

"ಮೂರು ಬೇಡ. ಒಂದು ಹೇಳಿ."

"ನೋಡಿ, ಇದು ಅದಕ್ಕೆ ವೇದಿಕೆ ಅಲ್ಲ."

"ಮಕ್ಕಳ ಕೈಲಿ ಸಹಿ ಹಾಕ್ಸೋಕೆ ವೇದಿಕೆ, ಮೇಷ್ಟ್ರ ಹೆಸರು ಹೇಳೋಕೆ ವೇದಿಕೆ ಅಲ್ವಾ? ನಾಚ್ಕೆ ಆಗಲ್ವೇನ್ರೀ ನಿಮ್ಗೆ? ಇಲ್ಲಿ ಕೂತು ನಾನು ಓದಿದೀನಿ. ಇದೇ ಹಾಲಲ್ಲಿ ನನ್ನ ಹೆಸರು ಹಿಡಿದು ಕರೆದೋರು ಇದ್ರು!"

ಧ್ವನಿವರ್ಧಕದಲ್ಲಿ ಸಂಗೀತ ಹಾಕಿದರು. ವರ್ನಾ ಸಂಗೀತದ ಮೇಲೂ ಕೂಗಿದರು. ಜನ ಕೇಕಿನ ಮೇಜಿನ ಕಡೆ ಹೊರಳಿದರು, ಅವರ ಕೂಗು ನಿಂತಾಗ ಕೇಳುವವರು ನಾವಿಬ್ಬರೇ ಉಳಿದಿದ್ದೆವು.

ಕಾರು ನಿಲ್ಲಿಸಿದ್ದಲ್ಲಿಗೆ ಬಂದಾಗ ಮಾರೆನ್ ಬಾಗಿಲು ತೆರೆಯಲಿಲ್ಲ. ಅವಳು ದನಿ ಎತ್ತಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಅತ್ತೆ, ನೀನು ಕೂಗಿದ್ರೆ ನಂಗೆ ಮೇಷ್ಟ್ರು ಸಿಗ್ತಾರಾ? ಅಪ್ಪಂಗೆ ಕೆಂಪು ಗೆಲ್ಬೇಕು, ನಿಂಗೆ ಹಸಿರು ಗೆಲ್ಬೇಕು. ನಿಮ್ದೂ ಒಂದು ಫುಟ್‌ಬಾಲೇ. ಆಡೋದು ನೀವಿಬ್ರು, ಓದ್ಬೇಕಾದೋಳು ನಾನು. ನಾನೇನು ಚೆಂಡಾ?"

ಶಾಸಕರಿಗೆ ಬಗ್ಗದ ವರ್ನಾ ಅವರ ಕುತ್ತಿಗೆ ತಗ್ಗಿತು. ಆ ಕ್ಯಾಂಪಸ್ಸಿನ ಕಲ್ಲು ಗೋಡೆಯನ್ನೊಮ್ಮೆ ನೋಡಿ ಬಾನೆಟ್ಟಿಗೆ ಒರಗಿ ನಿಂತರು. ಅವರ ಕಣ್ಣಲ್ಲಿ ನೀರಿತ್ತು, ಸಿಟ್ಟೂ ಇತ್ತು, ಯಾವುದು ಯಾವುದರಿಂದ ಬಂತೋ ನಾನು ಹೇಳಲಾರೆ.

"ನಾನು ಕಳೆದ್ವಾರ ರಾಜಧಾನಿಗೆ ಹೋಗಿದ್ದೆ" ಎಂದಳು ಮಾರೆನ್, ಈಗ ಮೆಲ್ಲಗೆ. "ಬಸ್ಸಲ್ಲಿ, ಒಬ್ಳೇ. ಟೂರಿಗಲ್ಲ. ಇತಿಹಾಸದ ಕಟ್ಟಡ ಹುಡ್ಕಿ ನೆಲಮಾಳಿಗೇಲಿ ಇರೋ ಮೇಷ್ಟ್ರುಗಳ ಬಾಗಿಲೆಲ್ಲ ತಟ್ಟಿದೆ. ಎಷ್ಟೋ ಬಾಗಿಲು ತೆರೀಲಿಲ್ಲ. ಒಬ್ರು ಕೂರಿಸಿ ಮಾತಾಡಿದ್ರು, ಇನ್ನೊಬ್ರು ಕ್ಲಾಸಲ್ಲಿ ಕೂರು ಅಂದ್ರು. ತತ್ತ್ವಶಾಸ್ತ್ರದ ಅಜ್ಜಿಯೊಬ್ರು ನನ್ನ ಜೊತೆ ವಾದ ಮಾಡಿ ಬೈದು ಕಳ್ಸಿದ್ರು. ನೀನು ಎಲ್ರನ್ನೂ ಮೂರು ಹೆಸರು ಕೇಳ್ತೀಯಲ್ಲ ಅತ್ತೆ. ನಾನು ಮೂರು ಜನಕ್ಕೆ ನನ್ನ ಹೆಸರು ಹೇಳಿ ಬಂದೆ."

"ಆಮೇಲೆ?" ಎಂದರು ವರ್ನಾ. ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಅದು ಉತ್ತರ ಬೇಕಾದ ಪ್ರಶ್ನೆಯಾಗಿತ್ತು.

"ಅಜ್ಜಿ ಸೆಪ್ಟೆಂಬರಲ್ಲಿ ಬಾ, ವಾದ ಮುಗಿದಿಲ್ಲ ಅಂದ್ರು."

ಮೇ ಒಂದರಂದು ನಮ್ಮ ಶಾಲೆಯ ಪದ್ಧತಿಯಂತೆ ಹನ್ನೆರಡನೆಯ ತರಗತಿಯ ಮಕ್ಕಳೆಲ್ಲ ತಾವು ಆರಿಸಿದ ಕಾಲೇಜಿನ ಅಂಗಿ ತೊಟ್ಟು ಜಿಮ್ನಾಸಿಯಮ್ಮಿನಲ್ಲಿ ಫೋಟೋಗೆ ನಿಂತರು. ಮಾರೆನ್ ಕೆಂಪು ಅಂಗಿ ತೊಟ್ಟಿದ್ದಳು. ಅದರ ಮೇಲೆ, ಜನ ತುಂಬಿದ ಒಳಗಿನ ಸೆಕೆಯಲ್ಲಿ, ತೋಳು ಬೆರಳು ದಾಟಿದ ಕಿತ್ತಳೆ ಕೋಟು. ರೋಲಂಡ್ ಕೆಂಪು ಕಂಡು ಕುಣಿದರು, ಕೋಟು ಕಂಡು ಗೊಣಗಿದರು. ವರ್ನಾ ಅಲ್ಲಿರಲಿಲ್ಲ. ಶಾಸನಸಭೆಯ ಸಮಿತಿ ಸಾರ್ವಜನಿಕರ ಅಹವಾಲು ಕೇಳುವ ದಿನ ಅದು. ಕೋಟಿಲ್ಲದೆ, ಬರಿಯ ಕಂದು ಸ್ವೆಟರಿನಲ್ಲಿ ಹೋಗಿ, ಕೊಟ್ಟ ಎರಡು ನಿಮಿಷವನ್ನೂ ಪಾವ್ಲಿಕ್, ಓಡೆಲ್, ರೂಟ್ ಎಂಬ ಹೆಸರುಗಳನ್ನು ಮತ್ತೆ ಮತ್ತೆ ಹೇಳುವುದಕ್ಕೇ ಬಳಸಿ ಬಂದರಂತೆ. ವಿಭಾಗಗಳು ಮುಚ್ಚಿದವು.

ಇಂಥ ಸಿಟ್ಟಿನವರು ಊರಿಗೊಬ್ಬರಾದರೂ ಇರುತ್ತಾರೆ. ಅವರ ಕೂಗಿಗೆ ತೆರೆದ ಬಾಗಿಲು ನನಗೆ ತಿಳಿದಮಟ್ಟಿಗೆ ಒಂದೂ ಇಲ್ಲ. ಅಧಿಕಾರಸ್ಥರಿಗೆ ಅವರು ಕಿರಿಕಿರಿ, ಮನೆಯವರಿಗೆ ಮುಜುಗರ, ಗೆಳೆಯರಿಗೆ ಹಿಂದಿನ ಸೀಟಿನಲ್ಲಿ ಕುಳಿತು ದಾರಿಯುದ್ದಕ್ಕೂ ಕುದಿಯುವ ಪ್ರಯಾಣಿಕರು. ಎಷ್ಟೋ ಸಲ ಅವರು ಹಿಡಿದ ಪಕ್ಷವೂ ತಪ್ಪಾಗಿರುತ್ತದೆ. ಆದರೆ ಅವರು ನಾಲ್ಕು ಜನರ ಮುಂದೆ ಮಾನ ಬಿಟ್ಟು ಪ್ರಶ್ನೆ ಕೇಳುವಾಗ ಪಕ್ಕದಲ್ಲಿ ನಾಚಿಕೆಯಿಂದ ನೆಲ ನೋಡುತ್ತ ನಿಂತ ಮಗುವೊಂದು ಆ ಪ್ರಶ್ನೆಯನ್ನು ಕೇಳಿಸಿಕೊಳ್ಳುತ್ತಿರುತ್ತದೆ, ಮುಂದೊಂದು ದಿನ ಯಾರಿಗೂ ಹೇಳದೆ ಬಸ್ಸು ಹತ್ತಿ ಹೋಗಿ ಬಾಗಿಲು ತಟ್ಟುತ್ತದೆ.